ಟವರ್ ಸಿಕ್ಕಿತು, ಸಮಯ ಸಿಕ್ಕಿತೇ?

ಆನ್‌ಲೈನ್ ಕೋರ್ಸ್‌ಗೆ ಸೇರುವುದು ಈಗ ಎರಡು ನಿಮಿಷದ ಕೆಲಸ. ಮುಗಿಸುವುದು ಬೇರೆಯೇ ಮಾತು. ‘ಇದು ನನ್ನಿಂದ ಆದೀತೇ’ ಎಂದು ಸೇರುವ ಮೊದಲೇ ತಿಳಿದುಕೊಳ್ಳಲು ವಿದ್ಯಾರ್ಥಿಗೆ ಒಂದು ವಾರ ಸಾಕು.

ಜನವರಿ ಮತ್ತು ಜುಲೈ ಬಂತೆಂದರೆ ಕಾಲೇಜುಗಳ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ‘ಸ್ವಯಂ’ನ ಲಿಂಕ್‌ಗಳು ಓಡಾಡತೊಡಗುತ್ತವೆ. ಐಐಟಿ ಪ್ರಾಧ್ಯಾಪಕರ ಪಾಠ, ನೋಂದಣಿಗೆ ಕಾಸು ಕೊಡಬೇಕಿಲ್ಲ, ಪರೀಕ್ಷೆ ಬರೆದರೆ ಸರ್ಟಿಫಿಕೇಟ್, ಮೇಲೆ ಕ್ರೆಡಿಟ್ ಬೇರೆ. ಯಾರಿಗೆ ಬೇಡ? ಮೊಬೈಲ್‌ನಲ್ಲೇ ಹೆಸರು ಕೊಟ್ಟು ಮುಗಿಯುತ್ತದೆ. ಮೊದಲ ವಾರ ಉತ್ಸಾಹದಿಂದ ವಿಡಿಯೊ ನೋಡುತ್ತಾರೆ. ಎರಡನೇ ವಾರ ಅಸೈನ್‌ಮೆಂಟ್‌ನ ಉತ್ತರಗಳನ್ನು ಗ್ರೂಪ್‌ನಲ್ಲಿ ಹುಡುಕುತ್ತಾರೆ. ನಾಲ್ಕನೇ ವಾರದ ಹೊತ್ತಿಗೆ ಕಾಲೇಜಿನ ಇಂಟರ್ನಲ್ಸ್ ಬರುತ್ತದೆ, ಮನೆಯಲ್ಲಿ ಮದುವೆಯೋ ಊರಲ್ಲಿ ಜಾತ್ರೆಯೋ ಬರುತ್ತದೆ, ಕೋರ್ಸ್ ಮರೆತೇಹೋಗುತ್ತದೆ. ಪರೀಕ್ಷಾ ಶುಲ್ಕ ಕಟ್ಟಲು ಕಡೆಯ ದಿನ ಎಂದು ನೆನಪಿಸುವ ಇ–ಮೇಲ್ ಯಾರೂ ತೆರೆಯದೆ ಉಳಿಯುತ್ತದೆ.

ಇದನ್ನು ನಮ್ಮ ಹುಡುಗರ ಸೋಮಾರಿತನ ಎಂದು ಬೈದು ಸುಮ್ಮನಾಗುವಂತಿಲ್ಲ. ಹಾರ್ವರ್ಡ್ ಮತ್ತು ಎಂಐಟಿ ಸೇರಿ ‘ಎಡ್‌ಎಕ್ಸ್’ ಶುರುಮಾಡಿದ್ದು 2012ರಲ್ಲಿ. ಅಲ್ಲಿನ ಮುಕ್ತ ಕೋರ್ಸ್‌ಗಳ ಆರು ವರ್ಷಗಳ ದಾಖಲೆಯನ್ನು ಜಸ್ಟಿನ್ ರೀಶ್ ಮತ್ತು ಹೋಸೆ ರೂಯಿಪೆರೆಸ್ ವಾಲಿಯಂಟೆ ಎಂಬ ಇಬ್ಬರು ಸಂಶೋಧಕರು ಜಾಲಾಡಿ, 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2017–18ರಲ್ಲಿ ಸೇರಿದವರ ಪೈಕಿ ಕೋರ್ಸ್ ಮುಗಿಸಿದವರು ಶೇ 3ರ ಆಸುಪಾಸು. ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾಠದ ಪುಟವನ್ನೇ ತೆರೆದಿರಲಿಲ್ಲ. ಹಣ ಕಟ್ಟಿ ಸರ್ಟಿಫಿಕೇಟ್‌ಗಾಗಿ ಸೇರಿದವರಲ್ಲಿ ಮಾತ್ರ ಮುಗಿಸಿದವರ ಪ್ರಮಾಣ ಶೇ 46. ಪಾಠ ಅದೇ, ಮೇಷ್ಟ್ರು ಅವರೇ. ಅಂದರೆ ಕಲಿಕೆ ಮುಗಿಯುವುದೋ ನಿಲ್ಲುವುದೋ ಎಂಬುದನ್ನು ಪಾಠದ ಗುಣಮಟ್ಟವೊಂದೇ ತೀರ್ಮಾನಿಸುವುದಿಲ್ಲ. ಕಲಿಯಲು ಕೂತವರು ಎಂಥ ತಯಾರಿಯಿಂದ, ಯಾವ ಅಗತ್ಯಕ್ಕಾಗಿ ಕೂತಿದ್ದಾರೆ ಎಂಬುದೂ ತೀರ್ಮಾನಿಸುತ್ತದೆ.

ಹವ್ಯಾಸವಾಗಿ ಉಳಿದಿಲ್ಲ

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಯೋಜನೆ ಆರಂಭಿಸಿದಾಗ ಅದು ಆಸಕ್ತರಿಗಾಗಿ ಇದ್ದ ಪಾಠಗಳ ಸಂಗ್ರಹ. ಈಗ ಅದರ ಕೋರ್ಸ್‌ಗಳೂ ಸಿಗುವ ‘ಸ್ವಯಂ’ ವೇದಿಕೆ 2017ರ ಜುಲೈ 9ರಂದು ಉದ್ಘಾಟನೆಯಾಯಿತು. ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 20ರಷ್ಟನ್ನು ಇಲ್ಲಿಂದ ಪಡೆಯಬಹುದು ಎಂದು ಯುಜಿಸಿ 2016ರಲ್ಲೇ ನಿಯಮ ಮಾಡಿತ್ತು. 2021ರಲ್ಲಿ ಆ ಮಿತಿಯನ್ನು ಶೇ 40ಕ್ಕೆ ಏರಿಸಿತು. ಮಾನ್ಯತೆ ಪಡೆದ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮಾನ ಎಂದು 2022ರಲ್ಲಿ ಸ್ಪಷ್ಟಪಡಿಸಿತು.

ಹೀಗಾಗಿ ಆನ್‌ಲೈನ್ ಕಲಿಕೆ ಇವತ್ತು ಅಂಕಪಟ್ಟಿಯ ವಿಷಯ, ಶುಲ್ಕದ ವಿಷಯ, ಕೆಲವರಿಗೆ ಸಾಲದ ವಿಷಯವೂ ಹೌದು. ಕೆಲಸದಲ್ಲಿದ್ದುಕೊಂಡೇ ಎಂಬಿಎ ಮಾಡಲು ಹೊರಟ ಹುಬ್ಬಳ್ಳಿಯ ಯುವಕ, ಮಗು ಹುಟ್ಟಿದ ಮೇಲೆ ಬಿಟ್ಟ ಓದನ್ನು ಮುಂದುವರಿಸಬೇಕೆಂದಿರುವ ತುಮಕೂರಿನ ಗೃಹಿಣಿ, ಹಾಸ್ಟೆಲ್‌ನಲ್ಲಿ ಕೂತು ಪೈಥಾನ್ ಕಲಿಯುವ ಕಲಬುರಗಿಯ ವಿದ್ಯಾರ್ಥಿ, ಎಲ್ಲರ ಮುಂದೆಯೂ ಇರುವ ಪ್ರಶ್ನೆ ಒಂದೇ: ಸೇರಲೋ ಬೇಡವೋ? ಅದಕ್ಕೆ ಉತ್ತರ ಕೊಡಲು ಈಗ ಮುಂದೆ ಬರುವವರು ಕೋರ್ಸ್ ಮಾರುವವರು. ‘ನೀವು ಖಂಡಿತ ಮಾಡಬಲ್ಲಿರಿ ಸರ್, ಇಎಂಐ ಇದೆ’ ಎನ್ನುವ ಆ ದನಿಗೆ ನಿಮ್ಮ ಸಿದ್ಧತೆಯ ಗೊಡವೆ ಇಲ್ಲ.

ಫೋನ್ ಬಂತು, ಉಳಿದದ್ದು?

ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020–21ರಲ್ಲಿ ಸಿದ್ಧತೆ ಎಂದರೆ ಮೊಬೈಲ್ ಮತ್ತು ಟವರ್ ಎಂದೇ ಅರ್ಥವಾಗಿತ್ತು. ಅದಕ್ಕೆ ಕಾರಣವೂ ಇತ್ತು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ, ಇಂಟರ್‌ನೆಟ್ ಇದ್ದದ್ದು ಸುಮಾರು ಶೇ 15ರಲ್ಲಿ. ನಮ್ಮ ಸರ್ಕಾರ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಬಿತ್ತರಿಸಬೇಕಾಯಿತು, ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರನ್ನೇ ಮಕ್ಕಳ ಊರಿಗೆ ಕಳಿಸಬೇಕಾಯಿತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿಯೊಬ್ಬಳು ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ, ಆಕೆಯ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೇ ನೋಡಿತು.

ಫೋನಿನ ಮಟ್ಟಿಗೆ ಚಿತ್ರ ಬದಲಾಗಿದೆ. 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳ ಬಗ್ಗೆ ನಡೆದ ‘ಅಸರ್ 2023’ ಸಮೀಕ್ಷೆ, ಸುಮಾರು ಶೇ 90ರಷ್ಟು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ ಎಂದಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಫೋನ್ ಬಳಸಲು ಬಲ್ಲವರಲ್ಲಿ ಸ್ವಂತ ಫೋನ್ ಇದ್ದ ಹುಡುಗರು ಶೇ 43.7, ಹುಡುಗಿಯರು ಶೇ 19.8. ಮನೆಯಲ್ಲಿ ಫೋನ್ ಇರುವುದು ಬೇರೆ, ರಾತ್ರಿ ಎಂಟು ಗಂಟೆಗೆ ಅದು ತನ್ನ ಕೈಗೆ ಸಿಗುವುದು ಬೇರೆ. ಆ ಎಂಟು ಗಂಟೆಗೆ ರೊಟ್ಟಿ ಬಡಿಯುವ, ಪಾತ್ರೆ ತೊಳೆಯುವ ಕೆಲಸ ಯಾರದು ಎಂಬುದೂ ಸಿದ್ಧತೆಯ ಲೆಕ್ಕಕ್ಕೆ ಸೇರಬೇಕು.

ಅಳೆಯಲು ಹೊರಟವರು ಕಂಡದ್ದು

ವಿದ್ಯಾರ್ಥಿ ತಾನಾಗಿಯೇ ಕಲಿಯಲು ಎಷ್ಟು ತಯಾರಾಗಿದ್ದಾನೆ ಎಂದು ಅಳೆಯುವ ಯತ್ನ ಇಂಟರ್‌ನೆಟ್‌ಗಿಂತ ಹಳೆಯದು. ಅಮೆರಿಕದ ಲೂಸಿ ಗೂಲಿಯೆಲ್ಮಿನೊ 1977ರಲ್ಲೇ ತಮ್ಮ ಪಿಎಚ್‌.ಡಿಗಾಗಿ ಇಂಥದೊಂದು ಮಾಪಕ ರೂಪಿಸಿದರು. ಆನ್‌ಲೈನ್ ಕೋರ್ಸ್‌ಗಳು ಬಂದ ಮೇಲೆ ಮೆಕ್‌ವೇ ಎಂಬ ಸಂಶೋಧಕಿ 13 ಹೇಳಿಕೆಗಳ ಪುಟ್ಟ ಪ್ರಶ್ನಾವಳಿ ತಯಾರಿಸಿದರು. ಆಸ್ಟ್ರೇಲಿಯಾದ ಪೀಟರ್ ಸ್ಮಿತ್ ಮತ್ತು ಸಂಗಡಿಗರು 2003ರಲ್ಲಿ ಅದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದಾಗ ಅದರಲ್ಲಿ ಎರಡು ಮುಖ್ಯ ಎಳೆಗಳು ಕಂಡವು. ಒಂದು, ಆನ್‌ಲೈನ್ ರೀತಿಯ ಕಲಿಕೆ ಒಗ್ಗುತ್ತದೆಯೇ ಎಂಬುದು. ಇನ್ನೊಂದು, ತನ್ನ ಕಲಿಕೆಯನ್ನು ತಾನೇ ನಿಭಾಯಿಸಿಕೊಳ್ಳಬಲ್ಲರೇ ಎಂಬುದು.

ಇನ್ನೂ ಬಿಡಿಸಿ ನೋಡಿದವರು ತೈವಾನಿನವರು. ಮಿನ್‌ಲಿಂಗ್ ಹಂಗ್ ಮತ್ತು ಸಹೋದ್ಯೋಗಿಗಳು 2010ರಲ್ಲಿ 1,051 ಕಾಲೇಜು ವಿದ್ಯಾರ್ಥಿಗಳನ್ನು ಐದು ವಿಷಯಗಳಲ್ಲಿ ಅಳೆದರು: ಕಂಪ್ಯೂಟರ್–ಇಂಟರ್‌ನೆಟ್ ಬಳಸುವ ಧೈರ್ಯ, ಕಲಿಯುವ ಹುರುಪು, ಆನ್‌ಲೈನ್‌ನಲ್ಲಿ ಪ್ರಶ್ನೆ ಕೇಳಿ ಮಾತಾಡುವ ಧೈರ್ಯ, ತನ್ನ ಕಲಿಕೆಗೆ ತಾನೇ ದಾರಿ ಹಾಕಿಕೊಳ್ಳುವ ಶಕ್ತಿ, ಪಾಠದ ನಡುವೆ ಮನಸ್ಸು ಬೇರೆಡೆ ಹೋಗದಂತೆ ಹಿಡಿದಿಡುವ ಶಕ್ತಿ. ಮೊದಲ ಮೂರರಲ್ಲಿ ವಿದ್ಯಾರ್ಥಿಗಳು ಗಟ್ಟಿಯಾಗಿದ್ದರು. ಕೊನೆಯ ಎರಡರಲ್ಲಿ ಹಿಂದೆ ಬಿದ್ದರು. ಮೇಲಿನ ತರಗತಿಯವರು ಸ್ವಂತ ದಾರಿ ಹಾಕಿಕೊಳ್ಳುವುದರಲ್ಲಿ ಕಿರಿಯರಿಗಿಂತ ವಾಸಿಯಾಗಿದ್ದರು.

ತಂತ್ರಜ್ಞಾನ ಬಲ್ಲವರ ದೇಶದಲ್ಲೂ ಕೊರತೆ ಕಂಡದ್ದು ತಂತ್ರಜ್ಞಾನದಲ್ಲಲ್ಲ. ರೀಲ್ಸ್ ಎಡಿಟ್ ಮಾಡಬಲ್ಲ ಹುಡುಗನಿಗೆ ಅರ್ಧ ಗಂಟೆಯ ಉಪನ್ಯಾಸ ಮುಗಿಯುವವರೆಗೆ ನೋಟಿಫಿಕೇಶನ್ ಮುಟ್ಟದೆ ಕೂರಲು ಆಗದಿರಬಹುದು. ನಮ್ಮ ಶಾಲೆ–ಕಾಲೇಜುಗಳ ಕಲಿಕೆಯ ರೀತಿ ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. ಗಂಟೆ ಹೊಡೆದಾಗ ಕೂರು, ಬರೆ ಎಂದಾಗ ಬರೆ, ಪರೀಕ್ಷೆಗೆ ಇಂಪಾರ್ಟೆಂಟ್ ಪ್ರಶ್ನೆ ಯಾವುದೆಂದು ಮೇಷ್ಟ್ರು ಹೇಳುತ್ತಾರೆ. ಹನ್ನೆರಡು ವರ್ಷ ಬೇರೆಯವರು ಹಾಕಿಕೊಟ್ಟ ಟೈಮ್‌ಟೇಬಲ್‌ನಲ್ಲಿ ಓದಿದ ವಿದ್ಯಾರ್ಥಿ ಇದ್ದಕ್ಕಿದ್ದಂತೆ ತನ್ನ ಟೈಮ್‌ಟೇಬಲ್ ತಾನೇ ಹಾಕಿಕೊಳ್ಳಬೇಕಾದಾಗ ತಡವರಿಸುವುದು ಸಹಜ.

ಪ್ರಶ್ನಾವಳಿಯ ಮಿತಿ

ಹಾಗಾದರೆ ಒಂದು ಪ್ರಶ್ನಾವಳಿ ತುಂಬಿಸಿದರೆ ಸಾಲದೇ? ಹೊರದೇಶದ ಹಲವು ವಿಶ್ವವಿದ್ಯಾಲಯಗಳು ಸೇರುವ ಮೊದಲೇ ಇಂಥ ಸ್ವಯಂ ಪರೀಕ್ಷೆಯನ್ನು ವಿದ್ಯಾರ್ಥಿಯ ಮುಂದಿಡುತ್ತವೆ. ‘ನಾನು ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುತ್ತೇನೆ: ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ’ ಎಂಬ ಬಗೆಯ ಸಾಲುಗಳು. ಯೋಚನೆಗೆ ಹಚ್ಚಲು ಇವು ಒಳ್ಳೆಯವೇ. ಆದರೆ ಇವನ್ನು ಮಾತ್ರ ನಂಬುವುದು ಬಾವಿಕಟ್ಟೆಯ ಮೇಲೆ ಕೂತವನನ್ನು ‘ಈಜು ಬರುತ್ತದೆಯೇ’ ಎಂದು ಕೇಳಿ ಒಳಕ್ಕೆ ತಳ್ಳಿದ ಹಾಗೆ.

ಮನುಷ್ಯ ತನ್ನ ಸಾಮರ್ಥ್ಯವನ್ನು ತಾನೇ ಅಳೆಯುವಾಗ ಎಷ್ಟು ತಪ್ಪುತ್ತಾನೆ ಎಂಬುದಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಡನಿಂಗ್ ಮತ್ತು ಜಸ್ಟಿನ್ ಕ್ರೂಗರ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರುವಾಸಿ. ತರ್ಕ, ವ್ಯಾಕರಣ ಮುಂತಾದ ಪರೀಕ್ಷೆಗಳಲ್ಲಿ ಕಡೆಯ ಕಾಲುಭಾಗದಲ್ಲಿದ್ದವರು ನೂರರ ಸಾಲಿನಲ್ಲಿ ಕೆಳಗಿನಿಂದ ಸರಾಸರಿ 12ನೇ ಮೆಟ್ಟಿಲಲ್ಲಿದ್ದರು, ಆದರೆ ತಾವು 62ನೇ ಮೆಟ್ಟಿಲಲ್ಲಿದ್ದೇವೆ ಎಂದು ನಂಬಿದ್ದರು. ಮೇಲಿನ ಕಾಲುಭಾಗದವರು ತಮ್ಮ ಸ್ಥಾನವನ್ನು ಇರುವುದಕ್ಕಿಂತ ಕಡಿಮೆ ಅಂದುಕೊಂಡಿದ್ದರು. ಈ ಎರಡನೆಯ ಮಾತು ನಮಗೆ ಮುಖ್ಯ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಮಕ್ಕಳು ‘ಇದೆಲ್ಲ ನಮಗಲ್ಲ’ ಎಂದು ಸೇರುವ ಮೊದಲೇ ಹಿಂದೆ ಸರಿಯುತ್ತಾರೆ. ಬರೀ ಅನಿಸಿಕೆ ಕೇಳಿದರೆ ಅತಿವಿಶ್ವಾಸದವರು ಸಿದ್ಧರೆನಿಸುತ್ತಾರೆ, ಅಂಜುವವರು ಅಸಿದ್ಧರೆನಿಸುತ್ತಾರೆ.

ವಿಡಿಯೊ ಪಾಠಕ್ಕೆ ಇನ್ನೊಂದು ಮೋಸವೂ ಇದೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಶಾನಾ ಕಾರ್ಪೆಂಟರ್ ಮತ್ತು ಸಂಗಡಿಗರು ಒಂದೇ ಪಾಠದ ಎರಡು ಪುಟ್ಟ ವಿಡಿಯೊ ಮಾಡಿದರು. ಒಂದರಲ್ಲಿ ಉಪನ್ಯಾಸಕಿ ಎದುರು ನೋಡುತ್ತ ನಿರರ್ಗಳವಾಗಿ ಹೇಳಿದರೆ, ಇನ್ನೊಂದರಲ್ಲಿ ಬಗ್ಗಿ ಚೀಟಿ ನೋಡುತ್ತ ತಡವರಿಸಿ ಹೇಳಿದರು. ಮೊದಲನೆಯದನ್ನು ನೋಡಿದವರು ತಮಗೆ ಹೆಚ್ಚು ನೆನಪಿರುತ್ತದೆ ಎಂದರು. ಪರೀಕ್ಷಿಸಿದರೆ ಎರಡೂ ಗುಂಪಿನವರ ನೆನಪು ಹೆಚ್ಚುಕಡಿಮೆ ಒಂದೇ. 2013ರಲ್ಲಿ ಪ್ರಕಟವಾದ ಈ ಪ್ರಯೋಗ ಹೇಳುವುದಿಷ್ಟು: ಪಾಠ ಚೆನ್ನಾಗಿತ್ತು ಎನ್ನುವುದೂ ನನಗೆ ಬಂತು ಎನ್ನುವುದೂ ಬೇರೆ ಬೇರೆ.

ಒಂದು ವಾರದ ತಾಲೀಮು

ಆದ್ದರಿಂದ ‘ನಾನು ಮಾಡುತ್ತೇನೆಯೇ’ ಎಂದು ಕೇಳಿಕೊಳ್ಳುವುದಕ್ಕಿಂತ, ಮಾಡಿ ನೋಡುವುದು ಒಳ್ಳೆಯದು. ಎನ್‌ಪಿಟಿಇಎಲ್‌ನ ಹಳೆಯ ಪಾಠಗಳು ಯೂಟ್ಯೂಬ್‌ನಲ್ಲಿ ಯಾರಿಗೂ ತೆರೆದಿವೆ. ಸೇರಬೇಕೆಂದಿರುವ ವಿಷಯದ್ದೇ ಒಂದು ವಾರದ ಪಾಠ ಆರಿಸಿಕೊಂಡು ಈ ಆರು ಕೆಲಸ ಮಾಡಿ.

*ಒಂದು, ಸಮಯದ ಲೆಕ್ಕ.* ಹನ್ನೆರಡು ವಾರದ ಎನ್‌ಪಿಟಿಇಎಲ್ ಕೋರ್ಸ್‌ನಲ್ಲಿ ಸುಮಾರು 30 ಗಂಟೆ ವಿಡಿಯೊ ಇರುತ್ತದೆ, ಅಂದರೆ ವಾರಕ್ಕೆ ಎರಡೂವರೆ ಗಂಟೆ. ನೋಟ್ಸ್, ಅಸೈನ್‌ಮೆಂಟ್, ಅರ್ಥವಾಗದ್ದನ್ನು ಮತ್ತೆ ನೋಡುವುದು ಸೇರಿದರೆ ಅದರ ಎರಡರಷ್ಟಾದರೂ ಬೇಕು. ಏಳು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ಮಾಡಿದಿರಿ ಎಂದು ಡೈರಿಯಲ್ಲಿ ಬರೆದಿಡಿ. ಫೋನಿನ ಸ್ಕ್ರೀನ್ ಟೈಮ್ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಿರಿ. ಐದು ಗಂಟೆ ಎಲ್ಲಿಂದ ಬರುತ್ತದೆ, ಯಾವುದನ್ನು ಬಿಟ್ಟರೆ ಬರುತ್ತದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಗಬೇಕು. ‘ಹೇಗೋ ಹೊಂದಿಸುತ್ತೇನೆ’ ಎಂಬುದು ಲೆಕ್ಕವಲ್ಲ.

*ಎರಡು, ಖಾಲಿ ಹಾಳೆ.* ಅರ್ಧ ಗಂಟೆಯ ಒಂದು ಉಪನ್ಯಾಸ ನೋಡಿ. ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ನೆನಪಿರುವುದನ್ನೆಲ್ಲ ಬರೆಯಿರಿ. ಮರುದಿನ ವಿಡಿಯೊ ನೋಡದೆ ಮತ್ತೆ ಬರೆಯಿರಿ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ ಒಂದು ಪಾಠವನ್ನು ನಾಲ್ಕು ಸಲ ಓದಿದವರು ವಾರದ ನಂತರ ಶೇ 40ರಷ್ಟು ನೆನಪಿಸಿಕೊಂಡರೆ, ಒಂದೇ ಸಲ ಓದಿ ಮೂರು ಸಲ ನೆನಪಿಸಿಕೊಂಡು ಬರೆದವರು ಶೇ 61ರಷ್ಟು ಹೇಳಿದರು. ಈ ಹಾಳೆ ನಿಮ್ಮನ್ನು ಅಳೆಯುವುದರ ಜೊತೆಗೆ ಕಲಿಸುವುದನ್ನೂ ಮಾಡುತ್ತದೆ.

*ಮೂರು, ಭಾಷೆ.* ಉಪನ್ಯಾಸ ಇಂಗ್ಲಿಷಿನಲ್ಲಿದ್ದರೆ ಮೊದಲ ಹತ್ತು ನಿಮಿಷವನ್ನು ಕನ್ನಡದಲ್ಲಿ ಗೆಳೆಯರಿಗೆ ಹೇಳಿ ತೋರಿಸಿ. ಹೇಳಲು ಬಂದರೆ ಭಾಷೆಯ ಅಂಜಿಕೆ ಬಿಡಿ. ಬಾರದಿದ್ದರೆ ಅಡ್ಡ ಬಂದದ್ದು ವಿಷಯವೋ, ಪದಗಳೋ, ಮಾತಿನ ವೇಗವೋ ಎಂದು ನೋಡಿ. ವೇಗವಾದರೆ ವಿಡಿಯೊ ನಿಧಾನ ಮಾಡಬಹುದು, ಸಬ್‌ಟೈಟಲ್ ಹಾಕಿಕೊಳ್ಳಬಹುದು. ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಬರಹರೂಪ ಕನ್ನಡದಲ್ಲೂ ಇದೆ. ವಿಷಯವೇ ತೊಡಕಾದರೆ ಅದಕ್ಕೂ ಕೆಳಗಿನ ಹಂತದ ಕೋರ್ಸ್ ಮೊದಲು ಬೇಕು.

*ನಾಲ್ಕು, ಕೈಕೆಲಸ.* ಎರಡು ಪುಟ ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಒಂದೇ ಪಿಡಿಎಫ್ ಆಗಿಸಿ, ಸರಿಯಾದ ಹೆಸರಿಟ್ಟು, ವಿಷಯದ ಸಾಲು ಬರೆದು ಸ್ನೇಹಿತರೊಬ್ಬರಿಗೆ ಇ–ಮೇಲ್ ಮಾಡಿ. ಪಾಸ್‌ವರ್ಡ್ ಮರೆತಂತೆ ಮಾಡಿ ಅದನ್ನು ಬದಲಿಸಿ ನೋಡಿ. ಒಟಿಪಿ ಬರುವ ನಂಬರ್ ಅಪ್ಪನದೋ ನಿಮ್ಮದೋ ಎಂದು ಗಮನಿಸಿ. ಪರೀಕ್ಷೆಯ ಹಿಂದಿನ ರಾತ್ರಿ ಅಪ್ಪ ಹೊಲದಲ್ಲೋ ಲಾರಿಯಲ್ಲೋ ಇದ್ದರೆ ಏನು ಗತಿ ಎಂಬುದು ಆಗ ಹೊಳೆಯುತ್ತದೆ. ವಿಡಿಯೊ ನೋಡಿದ ದಿನ ಎಷ್ಟು ಡೇಟಾ ಖರ್ಚಾಯಿತೆಂದೂ ಬರೆದಿಡಿ.

*ಐದು, ಡೌಟ್.* ತರಗತಿಯಲ್ಲಿ ಮುಖ ಸಪ್ಪಗಾದರೆ ಮೇಷ್ಟ್ರಿಗೆ ಗೊತ್ತಾಗುತ್ತದೆ. ಪರದೆಯಾಚೆಗಿನವರಿಗೆ ನೀವು ಬರೆದು ಹೇಳಿದರೆ ಮಾತ್ರ ಗೊತ್ತಾಗುವುದು. ‘ಸರ್ ಅರ್ಥ ಆಗಲಿಲ್ಲ’ ಎಂದು ಬರೆದರೆ ಉತ್ತರ ಬರಲಾರದು. ಎಲ್ಲಿಯವರೆಗೆ ತಿಳಿಯಿತು, ಯಾವ ಹೆಜ್ಜೆಯಲ್ಲಿ ನಿಂತಿತು, ತಾನು ಏನು ಮಾಡಿ ನೋಡಿದೆ ಎಂಬ ಮೂರು ಸಾಲಿನ ಪ್ರಶ್ನೆಯೊಂದನ್ನು ಬರೆದು ನೋಡಿ. ಕನ್ನಡದಲ್ಲೇ ಬರೆದು ಆಮೇಲೆ ಇಂಗ್ಲಿಷಿಗೆ ತಂದರೂ ನಡೆಯುತ್ತದೆ.

*ಆರು, ಮನೆಯವರೊಂದಿಗೆ ಮಾತು.* ‘ವಾರದಲ್ಲಿ ಈ ಮೂರು ದಿನ, ಇಷ್ಟು ಗಂಟೆಗೆ ನನಗೆ ಫೋನೂ ಬೇಕು, ಒಂದು ಮೂಲೆಯೂ ಬೇಕು’ ಎಂದು ಮನೆಯಲ್ಲಿ ಹೇಳಿ, ಆ ವಾರ ಅದು ಎಷ್ಟರಮಟ್ಟಿಗೆ ನಡೆಯಿತೆಂದು ನೋಡಿ. ಮೊಬೈಲ್ ಹಿಡಿದು ಕೂತರೆ ಓದುತ್ತಿದ್ದಾಳೆಂದು ನಂಬುವ ಮನೆಗಳು ಇನ್ನೂ ಕಡಿಮೆ. ಹಗಲಲ್ಲಿ ಊರ ಗ್ರಂಥಾಲಯವೋ, ಕಾಲೇಜಿನ ಲ್ಯಾಬೋ ಸಿಗುತ್ತದೆಯೇ ಎಂದು ವಿಚಾರಿಸುವುದೂ ಇದರ ಭಾಗ.

ಫಲಿತಾಂಶ ಓದುವುದು ಹೇಗೆ?

ವಾರದ ಕೊನೆಗೆ ಕೈಯಲ್ಲಿ ಒಂದು ಡೈರಿ, ನಾಲ್ಕಾರು ಹಾಳೆ, ಒಂದು ಇ–ಮೇಲ್ ಇರುತ್ತವೆ. ಇವಕ್ಕೆ ಅಂಕ ಹಾಕಿ ಪಾಸು–ಫೇಲು ಅನ್ನಬೇಕಾಗಿಲ್ಲ. ಎಲ್ಲಿ ಸೋತಿರಿ ಎಂಬುದನ್ನು ನೋಡಿದರೆ ಸಾಕು. ಕೈಕೆಲಸದಲ್ಲಿ ಸೋತಿದ್ದರೆ ಚಿಂತೆ ಬೇಡ. ತಿಳಿದವರ ಪಕ್ಕ ಒಂದು ಮಧ್ಯಾಹ್ನ ಕೂತರೆ ಅದು ಬರುತ್ತದೆ. ಭಾಷೆಯಲ್ಲಿ ಸೋತಿದ್ದರೆ ಕೆಲವು ತಿಂಗಳ ಅಭ್ಯಾಸ ಬೇಕಾದೀತು. ಸಮಯದಲ್ಲಿ ಸೋತಿದ್ದರೆ ಮಾತ್ರ ಗಂಭೀರವಾಗಿ ಯೋಚಿಸಿ. ಅದನ್ನು ಯಾವ ರೀಚಾರ್ಜೂ ತಂದುಕೊಡುವುದಿಲ್ಲ.

ಆಮೇಲೆ ಮೂರು ದಾರಿಗಳಿವೆ. ಆರೂ ಕೆಲಸ ಹೆಚ್ಚುಕಡಿಮೆ ಆಗಿದ್ದರೆ ಧೈರ್ಯವಾಗಿ ಸೇರಬಹುದು. ಅರ್ಧ ಆಗಿದ್ದರೆ ಹನ್ನೆರಡು ವಾರದ ಕೋರ್ಸ್ ಬಿಟ್ಟು ನಾಲ್ಕು ವಾರದ್ದರಿಂದ ಆರಂಭಿಸಿ, ಇಬ್ಬರು–ಮೂವರು ಜೊತೆಗೂಡಿ ಸೇರಿ. ಡೈರಿಯಲ್ಲಿ ಸಮಯವೇ ಸಿಗದಿದ್ದರೆ ಈ ಸಲ ಬೇಡ ಎನ್ನುವುದೇ ಸರಿಯಾದ ಉತ್ತರ. ಪದವಿಗೆ ಸಾವಿರಾರು ರೂಪಾಯಿ ಕಟ್ಟುವವರಂತೂ ಮೊದಲು ಆ ಕೋರ್ಸ್‌ಗೆ ಯುಜಿಸಿಯ ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯೇ ಎಂದು ನೋಡಿ, ತಾಲೀಮು ಮುಗಿಸಿ, ಆಮೇಲೆ ಹಣದ ಮಾತಾಡಬೇಕು.

ಮುಗಿಸಲು ಏನೇನು ಬೇಕೆಂದು ತಿಳಿದಿರುವುದೂ ತಯಾರಿಯೇ. ಎನ್‌ಪಿಟಿಇಎಲ್ ಸರ್ಟಿಫಿಕೇಟ್‌ಗೆ ವಾರದ ಅಸೈನ್‌ಮೆಂಟ್‌ಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ಹನ್ನೆರಡು ವಾರದ ಕೋರ್ಸ್‌ನಲ್ಲಿ ಉತ್ತಮವಾದ ಎಂಟು ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹೀಗಾಗಿ ಜ್ವರ ಬಂದು ಒಂದು ವಾರ ತಪ್ಪಿದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಕಿಲ್ಲ. ಇದು ಗೊತ್ತಿಲ್ಲದೆ ನಡುವೆ ಬಿಡುವವರು ಕಡಿಮೆಯೇನಲ್ಲ.

ಕಾಲೇಜು ಮಾಡಬೇಕಾದದ್ದು

ಇಷ್ಟನ್ನೂ ವಿದ್ಯಾರ್ಥಿಯ ತಲೆಗೇ ಕಟ್ಟಿ ಕಾಲೇಜು ಕೈತೊಳೆದುಕೊಳ್ಳುವಂತಿಲ್ಲ. ಅನೇಕ ಕಾಲೇಜುಗಳಲ್ಲಿ ಎನ್‌ಪಿಟಿಇಎಲ್‌ನ ಲೋಕಲ್ ಚಾಪ್ಟರ್ ಇದೆ, ಅದಕ್ಕೊಬ್ಬ ಸಂಯೋಜಕ ಉಪನ್ಯಾಸಕರಿದ್ದಾರೆ. ಎಷ್ಟು ಮಂದಿ ನೋಂದಾಯಿಸಿದರು ಎಂಬ ಪಟ್ಟಿಗೆ ಅವರ ಕೆಲಸ ನಿಲ್ಲಬಾರದು. ಸೆಮಿಸ್ಟರ್‌ನ ಮೊದಲ ವಾರವೇ ಈ ತಾಲೀಮನ್ನು ಲ್ಯಾಬ್‌ನಲ್ಲಿ ಮಾಡಿಸಬಹುದು. ಎಲ್ಲಕ್ಕಿಂತ ನಂಬಬಹುದಾದ ಸೂಚನೆ ಮೊದಲ ಅಸೈನ್‌ಮೆಂಟ್. ಅದನ್ನು ಯಾರು ಕಳಿಸಲಿಲ್ಲವೋ ಅವರನ್ನು ಎರಡನೇ ವಾರವೇ ಕರೆದು ಮಾತಾಡಿಸಿದರೆ, ಹನ್ನೆರಡನೇ ವಾರ ಕಾರಣ ಕೇಳುವ ಪ್ರಸಂಗ ಬರುವುದಿಲ್ಲ.

ಒಂದು ಎಚ್ಚರವೂ ಬೇಕು. ಸಿದ್ಧತೆಯ ಪರೀಕ್ಷೆ ಬಾಗಿಲು ಹಾಕುವ ನೆಪವಾಗಬಾರದು. ‘ನಿನ್ನ ಅಂಕ ಕಡಿಮೆ, ನಿನಗೆ ಆನ್‌ಲೈನ್ ಬೇಡ’ ಎಂದು ಹೇಳತೊಡಗಿದರೆ ಮೊದಲು ಹೊರಗೆ ಉಳಿಯುವವರು ಫೋನ್ ಹಂಚಿಕೊಂಡು ಓದುವ ಹುಡುಗಿಯರು, ಹಳ್ಳಿಯ ಮೊದಲ ತಲೆಮಾರಿನ ಪದವೀಧರರು. ಅವರ ಕೊರತೆ ಬಹುಪಾಲು ಅವರ ಕೊರತೆಯಲ್ಲ. ಸಂಜೆ ಎಂಟರವರೆಗೆ ತೆರೆದ ಲ್ಯಾಬ್, ಪೆನ್‌ಡ್ರೈವ್‌ನಲ್ಲಿ ಕೊಡುವ ವಿಡಿಯೊ, ವಾರಕ್ಕೊಮ್ಮೆ ಕನ್ನಡದಲ್ಲಿ ಡೌಟ್ ಬಗೆಹರಿಸುವ ಒಂದು ಗಂಟೆ, ಇಷ್ಟು ಇದ್ದರೆ ‘ಸಿದ್ಧರಿಲ್ಲದ’ ಹಲವರು ಸಿದ್ಧರೇ ಆಗಿರುತ್ತಾರೆ. ವಿದ್ಯಾರ್ಥಿಯನ್ನು ಅಳೆಯುವ ಕಾಲೇಜು ಅದೇ ದಿನ ತನ್ನನ್ನೂ ಅಳೆದುಕೊಳ್ಳಲಿ.

ತನ್ನ ಓದನ್ನು ತಾನೇ ನಡೆಸಿಕೊಳ್ಳುವ ಶಕ್ತಿ ಹುಟ್ಟಿನಿಂದ ಬರುವುದಲ್ಲ. ತೈವಾನಿನ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗಿಂತ ಮುಂದಿದ್ದದ್ದು ಅದು ಅಭ್ಯಾಸದಿಂದ ಬೆಳೆಯುತ್ತದೆ ಎಂಬ ಭರವಸೆ ಕೊಡುತ್ತದೆ. ಮುಂದಿನ ಜನವರಿಯಲ್ಲೋ ಜುಲೈಯಲ್ಲೋ ಲಿಂಕ್ ಬಂದಾಗ ಕೂಡಲೇ ಒತ್ತಬೇಡಿ. ಒಂದು ವಾರ ತಾಲೀಮು ಮಾಡಿ. ಆಮೇಲೆ ‘ಸೇರುತ್ತೇನೆ’ ಎಂದರೂ ‘ಈಗ ಬೇಡ’ ಎಂದರೂ ಆ ತೀರ್ಮಾನ ನಿಮ್ಮದೇ ಆಗಿರುತ್ತದೆ, ಕೋರ್ಸ್ ಮಾರುವವರದಲ್ಲ.